ತೊಳೆದ ಹಾರೆ

ನಮ್ಮಿಬ್ಬರಲ್ಲಿ ಯಾರು ಮೊದಲು ಸತ್ತರೂ ಉಳಿದವಳು ಸಂತಾಪ ಸಭೆಯಲ್ಲಿ ಎದ್ದು ನಿಂತು ನಿಜ ಹೇಳಬೇಕು, ಒಂದನ್ನೂ ಬಿಡದೆ ಹೇಳಬೇಕು ಎಂದು ನಾನು ಮಂದಾಕಿನಿಗೆ ಮಾತು ಕೊಟ್ಟಾಗ ಇಬ್ಬರ ಬಾಯಲ್ಲೂ ಹುಣಸೆಹಣ್ಣಿತ್ತು. ಆಗ ನಾವು ಏಳನೇ ಕ್ಲಾಸು. ಶಾಲೆಯ ಅಂಗಳದಲ್ಲಿ ನಮ್ಮ ಹೆಡ್‌ಮಾಸ್ಟರ ಸಂತಾಪ ಸಭೆ ನಡೆಯುತ್ತಿತ್ತು. ಬದುಕಿರುವ ತನಕ ಮಕ್ಕಳ ಕಿವಿಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿದ್ದ ಆ ಮನುಷ್ಯನನ್ನು ಮೈಕಿನ ಮುಂದೆ ಬಂದವರೆಲ್ಲ ಮಕ್ಕಳ ಪಾಲಿನ ದೇವರು ಅನ್ನುತ್ತಿದ್ದರು. ಹಿಂಡಿಸಿಕೊಂಡ ಕಿವಿಗಳೆಲ್ಲ ಸಾಲಾಗಿ ಕೂತು ಕೇಳುತ್ತಿದ್ದವು.

“ಥೂ, ನಾನ್ ಸತ್ತಾಗ ಹಿಂಗೆಲ್ಲ ಬುರುಡೆ ಬಿಡ್ಬೇಡ ಸಾವಂತ್ರಿ,” ಎಂದಳು ಮಂದಾ. “ಇದ್ದದ್ದು ಇದ್ದ ಹಾಗೆ ಹೇಳು. ಪರೀಕ್ಷೇಲಿ ಕೊನೇ ಲೆಕ್ಕ ನಿನ್ನ ನೋಡಿ ಬರ್ದಿದ್ನೂ ಹೇಳು.”

“ಅದನ್ನೂನಾ?”

“ಅದನ್ನೇ ಮೊದ್ಲು ಹೇಳು. ಅದೊಂದು ಬಿಟ್ಯೋ, ಮಾತು ಮುರಿದ ಹಾಗೇ.”

ಆ ಕೊನೇ ಲೆಕ್ಕದಿಂದ ಅವಳು ಜಿಲ್ಲೆಗೇ ಮೊದಲು ಬಂದಳು, ವಿದ್ಯಾರ್ಥಿವೇತನ ಸಿಕ್ಕಿತು, ದೊಡ್ಡ ಊರಿಗೆ ಹೋಗಿ ಎದೆ ಕೊಯ್ದು ಹೊಲಿಯುವ ಡಾಕ್ಟರಾಗಿ ವಾಪಸ್ ಬಂದಳು. ನಾನು ಶಾಲೆಯ ಮಕ್ಕಳ ಆಟೋ ಓಡಿಸುತ್ತೇನೆ. ಇದರಲ್ಲಿ ಹೊಟ್ಟೆಕಿಚ್ಚಿನ ಮಾತೇನಿಲ್ಲ. ನನಗೆ ಬರುತ್ತಿದ್ದದ್ದು ಆ ಒಂದೇ ಲೆಕ್ಕ. ಉಳಿದದ್ದೆಲ್ಲ ಅವಳಿಗೇ ಬರುತ್ತಿತ್ತು.

ನಮ್ಮೂರಲ್ಲಿ ಆಟೋ ಓಡಿಸುವುದು ಬೇರೆ ಊರಿನಷ್ಟು ಸುಲಭವಲ್ಲ, ಯಾಕೆಂದರೆ ಇಲ್ಲಿ ಮನೆಗಳು ಸರಿಯುತ್ತವೆ. ಕೆಲವು ಗೇಣು ಸರಿಯುತ್ತವೆ, ಕೆಲವು ಮಾರು. ಯಾರೂ ನೋಡದಿದ್ದಾಗ, ಸದ್ದಿಲ್ಲದೆ. ಒಲೆಯ ಮೇಲಿನ ಹಾಲು ಒಂದಿಷ್ಟು ಪಕ್ಕಕ್ಕೆ ವಾಲಿದರೆ ಮನೆ ಹೊರಟಿತು ಎಂದು ಗೊತ್ತಾಗುತ್ತದೆ, ಅಷ್ಟೆ. ನಿನ್ನೆ ಹಿಟ್ಟಿನ ಗಿರಣಿಯ ಪಕ್ಕ ಹತ್ತಿದ ಮಗುವನ್ನು ಇವತ್ತು ಕೆರೆ ಏರಿಯ ಮೇಲೆ ಹುಡುಕಬೇಕು. ಕರೆಂಟಿನ ತಂತಿ ಎಲ್ಲ ಕಂಬದಲ್ಲೂ ಜಿಲೇಬಿಯ ಹಾಗೆ ಸುರುಳಿ ಸುತ್ತಿಕೊಂಡು ನೇತಾಡುತ್ತದೆ, ಮನೆ ದೂರ ಹೋದ ಹಾಗೆ ಬಿಚ್ಚಿಕೊಳ್ಳಲಿ ಎಂದು. ಮನೆ ಮುಂದೆ ಹೋಗಿ ತುಳಸಿಕಟ್ಟೆ ಹಿಂದೆ ಉಳಿದವರು, “ನಿಮ್ಮ ಬಾಗಿಲಲ್ಲಿ ನಮ್ಮ ತುಳಸಿ ಇದೆ, ಒಂದು ಚೊಂಬು ನೀರು ಹಾಕ್ಬಿಡ್ರವ್ವ,” ಎಂದು ಹೇಳಿಕಳಿಸುತ್ತಾರೆ. ಹೆಣ್ಣು ಕೊಡುವಾಗ ಹುಡುಗನ ಸಂಬಳ ಆಮೇಲೆ ಕೇಳುತ್ತಾರೆ, ಮೊದಲು ಕೇಳುವುದು ‘ಅವರ ಮನೆ ಯಾವ ಕಡೆ ಸರೀತಿದೆ?’ ಎಂದು. ಮನೆ ತನಗೆ ಬೇಕಾದವರ ಕಡೆ ಸರಿಯುತ್ತದೆ, ಬೇಡದವರಿಂದ ದೂರ ಹೋಗುತ್ತದೆ. ಹೋಗಿ ನಿಂತದ್ದೇ ಅದರ ಜಾಗ. ಅದನ್ನು ಯಾರೂ ವಾಪಸ್ ಎಳೆಯುವ ಹಾಗಿಲ್ಲ, ಯಾಕೆ ಹೋಯಿತು ಎಂದು ಕೇಳುವ ಹಾಗೂ ಇಲ್ಲ. ಪುರಭವನ, ಪೊಲೀಸ್ ಠಾಣೆ, ತಹಶೀಲ್ದಾರ್ ಕಚೇರಿ ಮಾತ್ರ ಸರಿಯುವುದಿಲ್ಲ. ಅವಕ್ಕೆ ಯಾರ ಮೇಲೂ ಪ್ರೀತಿಯಿಲ್ಲ ಎನ್ನುತ್ತಾರೆ ನಮ್ಮತ್ತೆ.

ನಮ್ಮತ್ತೆಯ ಹೆಸರು ನಾಗರತ್ನಮ್ಮ. ಊರಿನ ಪದ್ಧತಿಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿವೆ. ಎರಡು ಮನೆಗಳ ಗೋಡೆ ಸೋಕಿದರೆ ಎರಡೂ ಮನೆಯವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು, ಜಗಳವಿದ್ದರೂ ಸರಿ. ಇನ್ನೊಂದು, ಹಾರೆ, ಗುದ್ದಲಿ, ಸನಿಕೆ ಎರವಲು ತಂದರೆ ಹತ್ತಿದ ಮಣ್ಣಿನ ಸಮೇತ ವಾಪಸ್ ಕೊಡಬೇಕು. ಇವತ್ತು ಇಲ್ಲಿ ನಾಳೆ ಅಲ್ಲಿ ಇರುವ ಜನರಲ್ಲಿ, ನಿಮ್ಮ ವಸ್ತು ನಮ್ಮ ನೆಲದಲ್ಲಿ ದುಡಿಯಿತು ಎಂಬುದಕ್ಕೆ ಆ ಮಣ್ಣೇ ಸಾಕ್ಷಿ. ಅದನ್ನು ತೊಳೆದು ಕೊಟ್ಟರೆ ನಂಟು ತೊಳೆದುಕೊಂಡ ಹಾಗೆ. ಹೆಣ ಹೂತ ಗುದ್ದಲಿಯನ್ನು ಮಾತ್ರ ತೊಳೆಯುತ್ತಾರೆ. ನಮ್ಮೂರಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು.

ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಮಂದಾಕಿನಿಯ ಗಂಡ ಪ್ರಭಂಜನ ಹೊರಗಿನವನು. ಇಂಜಿನಿಯರು. ಮದುವೆಯಾಗಿ ಬಂದವನೇ, ಸರಿಯುವ ಮನೆಯಲ್ಲಿ ಶಿಸ್ತು ಹೇಗೆ ಸಾಧ್ಯ ಎಂದು ಕೇಳಿ, ತನ್ನ ಮಹಡಿ ಮನೆಯ ನಾಲ್ಕು ಮೂಲೆಗೂ ಆಳುದ್ದದ ಕಬ್ಬಿಣದ ಗೂಟ ಹೊಡೆಸಿ ಸರಪಳಿ ಬಿಗಿದ. ಮನೆ ನಿಂತಿತು. ಊರಿಗೆ ಊರೇ ಹೋಗಿ ನೋಡಿತು. ಆಮೇಲೆ ಹಲವರು ಅಂಥ ಗೂಟ ಹೊಡೆಸಿದರು, ಮನೆಗಳು ಅವನ್ನು ವಾರದೊಳಗೆ ಹಲ್ಲಿನ ಹಾಗೆ ಕಿತ್ತು ಉಗಿದವು. ಅವನದು ಮಾತ್ರ ನಿಂತೇ ಇತ್ತು. ಅವನಿಗೆ ಪ್ರಶಸ್ತಿ ಬಂತು. ಅವಳಿಗೂ ಬಂತು, ಒಬ್ಬ ಮುದುಕನ ನಿಂತ ಎದೆಯನ್ನು ಮತ್ತೆ ಓಡಿಸಿದ್ದಕ್ಕೆ. ಒಂದೇ ವೇದಿಕೆ, ಒಂದೇ ಬಣ್ಣದ ಸೀರೆ-ಅಂಗಿ, ಎರಡು ಶಾಲು. ಯುಗಾದಿಗೆ ಕ್ಲಬ್ಬಿನವರು ಕೊಡುವ ಆದರ್ಶ ದಂಪತಿ ಬಹುಮಾನ ಸತತವಾಗಿ ಇವರಿಗೇ ಹೋಗಿ, ಕೊನೆಗೆ ಆ ಬಹುಮಾನಕ್ಕೆ ಇವರದೇ ಹೆಸರಿಟ್ಟು ಬೇರೆಯವರಿಗೆ ಕೊಡತೊಡಗಿದರು.

“ನೋಡು, ಇದ್ರೆ ಹಂಗಿರ್ಬೇಕು,” ಎಂದು ನಮ್ಮತ್ತೆ ತಮ್ಮ ಮಗನಿಗೆ ಹೇಳುತ್ತಿದ್ದರು. ನಮ್ಮನೆಯವರಿಗೆ ಬ್ರೆಡ್ ಬೇಕರಿಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಅವರು ನಿದ್ದೆಯಲ್ಲೇ “ಹ್ಞೂಂ” ಎನ್ನುತ್ತಿದ್ದರು.

ಆದರೆ ಆ ಮನೆಯ ಗೋಡೆ ತಿಂಗಳಿಗೊಮ್ಮೆ ಬಿರುಕು ಬಿಡುತ್ತಿತ್ತು. ಗಾರೆಯವನು ಬಂದು ಮುಚ್ಚುತ್ತಿದ್ದ, ಮತ್ತೆ ಬಿಡುತ್ತಿತ್ತು. ಬಿರುಕು ಯಾವಾಗಲೂ ನಮ್ಮ ಮನೆ ಇದ್ದ ಕಡೆಗೇ. ನಮ್ಮ ಮನೆಯೋ ನಾಚಿಕೆಗೆಟ್ಟದ್ದು, ದಿನಾ ಒಂದಿಷ್ಟು ಆ ಕಡೆ ಹೋಗುತ್ತಿತ್ತು. ಬೇರೆ ಮನೆಗಳೆಲ್ಲ ಅಲ್ಲಿಂದ ಹಿಂದೆ ಹಿಂದೆ ಸರಿದು ಸುತ್ತ ದೊಡ್ಡ ಬಯಲಾಯಿತು. ದೊಡ್ಡವರ ಮನೆಗೆ ಮರ್ಯಾದೆ ಕೊಟ್ಟಿವೆ ಎಂದುಕೊಂಡ ಪುರಸಭೆಯವರು ಆ ಬಯಲಿನಲ್ಲಿ ಕಲ್ಲುಬೆಂಚು ಹಾಕಿಸಿದರು. ಸಂಜೆ ಜನ ಅಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾ ಆ ಮನೆಯನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಮಂದಾ ನಮ್ಮನೆಗೆ ಬರುತ್ತಿದ್ದದ್ದು ಅವನು ಊರಲ್ಲಿಲ್ಲದಾಗ. ಒಮ್ಮೆ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಳು.

“ಏನಾಯ್ತೇ?”

“ಬಾಗಿಲಿಗೆ ಸಿಕ್ತು.”

“ಬಾಗಿಲು ತಾನಾಗೇ ಮುಚ್ಕೊಂಡ್ತಾ?”

ಅವಳು ಎಡಗೈಯಲ್ಲಿ ಕಡಲೆಕಾಯಿ ಒಡೆಯುತ್ತಾ ಹೇಳಿದಳು: “ಮುಚ್ಚಿದ್ದು ಅವ್ರು. ನನ್ನನ್ನ ಆಸ್ಪತ್ರೆಗೆ ಮುಖ್ಯಸ್ಥೆ ಮಾಡಿದ್ದಾರೆ ಅಂತ ಪತ್ರ ಬಂತಲ್ಲ, ಅವತ್ತು. ಮೊದ್ಲು ಪಾಯಸ ಮಾಡ್ಸಿದ್ರು. ಆಮೇಲೆ ಬಾಗಿಲು.”

ಅವಳು ಹೊಲಿಯುವ ಬೆರಳುಗಳು ಅವು. ಪೊಲೀಸ್ ಠಾಣೆಗೆ ನಡಿ ಎಂದೆ.

“ಯಾರು ನಂಬ್ತಾರೆ ಸಾವಂತ್ರಿ? ಸಭೆಗೆ ಹೋಗೋ ಮುಂಚೆ ನಾನು ಏನು ಮಾತಾಡ್ಬೇಕು ಅಂತ ಬರ್ದು ಕೊಡ್ತಾರೆ. ಎಲ್ಲಿ ನಗ್ಬೇಕು ಅಂತ್ಲೂ ಬರ್ದಿರ್ತಾರೆ. ಅಷ್ಟು ಚೆನ್ನಾಗಿ ನಕ್ಕವಳನ್ನ ಯಾರು ನಂಬ್ತಾರೆ? ನಿಮ್ಮತ್ತೇನೇ ನಂಬಲ್ಲ.”

ಅಷ್ಟರಲ್ಲಿ ಒಳಗಿನಿಂದ ನಮ್ಮತ್ತೆ ಕಾಫಿ ಹಿಡಿದು ಬಂದರು. “ಡಾಕ್ಟ್ರಮ್ಮಾ, ಬೆರಳಿಗೆ ಯಜಮಾನ್ರೇ ಕೂತು ಔಷಧಿ ಹಚ್ಚಿದ್ರಂತಲ್ಲ! ಪುಣ್ಯ ಮಾಡಿದ್ರಿ ಕಣವ್ವ. ನಮ್ಮನೇಲೊಂದಿದೆ, ಬೆರಳು ಬಿದ್ದೋದ್ರೂ ಮಗ್ಗುಲು ಬದಲಾಯ್ಸಲ್ಲ.”

ಮಂದಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾವಿಬ್ಬರೂ ನಕ್ಕೆವು. ಅದು ಬರೆದುಕೊಟ್ಟ ನಗುವಲ್ಲ.

ಆಮೇಲೆ ಒಂದು ಮಧ್ಯಾಹ್ನ, ನಾನು ಆಟೋದ ಸೀಟಿನಿಂದ ಮಕ್ಕಳು ಅಂಟಿಸಿದ ಚೂಯಿಂಗ್ ಗಮ್ ಕೆರೆಯುತ್ತಿದ್ದಾಗ ಅವಳು ಬಂದು ನಿಂತಳು. ಬೆರಳು ವಾಸಿಯಾಗಿತ್ತು, ನೆಟ್ಟಗಾಗಿರಲಿಲ್ಲ.

“ನಿಮ್ಮನೇಲಿ ಹಾರೆ ಇದ್ಯಾ?”

“ಎದೆ ಕೊಯ್ಯೋಕೆ ಈಗ ಹಾರೆ ಬಂತಾ?”

“ಗೂಟ ಕೀಳ್ತೀನಿ. ನಾಲ್ಕೂ. ಅವ್ರು ಸನ್ಮಾನಕ್ಕೆ ಅಂತ ಹೊರಗಡೆ ಹೋಗಿದ್ದಾರೆ, ನಾಳೆ ಬರ್ತಾರೆ.”

“ಕಿತ್ರೆ?”

“ಮನೆ ಎಲ್ಲಿಗೆ ಹೋಗತ್ತೋ ಹೋಗ್ಲಿ.” ಅವಳು ನಮ್ಮ ಮನೆಯ ಗೋಡೆಯ ಮೇಲೆ ಅಂಗೈ ಇಟ್ಟಳು. “ನಾನೊಬ್ಬಳೇ ಹೊಸ್ತಿಲು ದಾಟಿ ಬಂದ್ರೆ ಗಂಡನ್ನ ಬಿಟ್ಟು ಓಡಿಬಂದಳು ಅಂತಾರೆ. ಮನೇನೇ ಎದ್ದು ಬಂದ್ರೆ ಯಾರು ಏನಂತಾರೆ? ಯಾಕೆ ಹೋಯ್ತು ಅಂತ ಮನೇನ ಕೇಳೋ ಹಾಗಿಲ್ವಲ್ಲ. ಇಲ್ಲಿ ಬಂದು ಗೋಡೆ ಸೋಕಿದ್ರೆ ನೀವೆಲ್ಲ ಬಂದು ನಮ್ಮನೇಲಿ ಊಟಕ್ಕೆ ಕೂರ್ಲೇಬೇಕು. ಅವ್ರ ಕಣ್ಣೆದುರಿಗೇ. ಆಮೇಲೆ ಯಾವ ಬಾಗಿಲು ಹೆಂಗೆ ಮುಚ್ತಾರೋ ನೋಡ್ತೀನಿ.”

ನಾನೂ ಬರುತ್ತೇನೆ, ಇಬ್ಬರೂ ಸೇರಿ ಕೀಳೋಣ ಎಂದೆ. ಸಂಜೆ ಮಕ್ಕಳನ್ನು ಬಿಟ್ಟು ಬಂದರೆ ನನ್ನ ಮಗಳು ತುಂಗಾಳಿಗೆ ಜ್ವರ ಏರುತ್ತಿತ್ತು. ಮಂದಾಳೇ ಅದಕ್ಕೆ ಔಷಧಿ ಕೊಟ್ಟು, “ನೀನಿಲ್ಲಿರು, ನಾನೇನು ಬೆಣ್ಣೆ ತಿಂದು ಬೆಳೆದವಳಲ್ಲ,” ಎಂದು ಹಾರೆಯನ್ನು ಹೆಗಲಿಗೇರಿಸಿಕೊಂಡು ಹೊರಟಳು. ತಿರುಗಿ ನೋಡಿ, “ಮಣ್ಣು ಸಮೇತ ವಾಪಸ್ ಕೊಡ್ತೀನಮ್ಮಾ!” ಎಂದು ಕೂಗಿದ್ದು ನಮ್ಮತ್ತೆಗೆ.

ಮರುದಿನ ಬೆಳಿಗ್ಗೆ ಆಟೋ ಬಯಲಿನ ತಿರುವಿಗೆ ಬಂದಾಗ ಮಕ್ಕಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಮಹಡಿ ಮನೆ ತಿರುಗಿ ನಿಂತಿತ್ತು. ಮೂರು ಮೂಲೆಯ ಗೂಟ ಕಿತ್ತು ಬಿದ್ದಿದ್ದವು, ನಾಲ್ಕನೆಯದು ಹಿಡಿದುಕೊಂಡಿತ್ತು. ಕಟ್ಟಿದ ಹಸು ಹಗ್ಗದ ತುದಿಯಲ್ಲಿ ನಿಂತು ನೋಡುವ ಹಾಗೆ ಇಡೀ ಮನೆ ನಮ್ಮ ಮನೆಯ ಕಡೆ ಮುಖ ಮಾಡಿತ್ತು. ಬಾಗಿಲಲ್ಲಿ ಜನ. ರಾತ್ರಿಯೇ ವಾಪಸ್ ಬಂದಿದ್ದನಂತೆ ಪ್ರಭಂಜನ. ಹೆಂಡತಿ ಮಹಡಿ ಮೆಟ್ಟಿಲಿನಿಂದ ಜಾರಿಬಿದ್ದು ತಲೆಗೆ ಪೆಟ್ಟಾಗಿ ಹೋಗಿಬಿಟ್ಟಳು ಎಂದು, ಮಡಚಿದ ಕರವಸ್ತ್ರದಲ್ಲಿ ಕಣ್ಣೊತ್ತಿಕೊಳ್ಳುತ್ತಾ ಎಲ್ಲರಿಗೂ ಹೇಳುತ್ತಿದ್ದ. ಗೂಟಗಳ ಮಾತು ಕೇಳಿದವರಿಗೆ, ಮನೆಯೇ ಕಿತ್ತುಕೊಂಡಿತು, ಒಡತಿ ಹೋದ ದುಃಖಕ್ಕೆ ಎಂದ. ಕೇಳಿದವರು ಅತ್ತರು. ನಮ್ಮೂರಿನವನೇ ಆದ ಇನ್ಸ್‌ಪೆಕ್ಟರ್ ಚೆಲುವಯ್ಯ ಕೂಡ ಟೋಪಿ ತೆಗೆದು ನಿಂತಿದ್ದ, ಕಾಗದದಲ್ಲಿ ಮೆಟ್ಟಿಲು ಎಂದೇ ಬರೆದುಕೊಂಡ.

ನಾನು ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಅಳಬೇಕಾಯಿತು. ಆಟೋ ಓಡಿಸುವವರಿಗೆ ಅಷ್ಟೇ, ಮೊದಲು ಗಂಟೆ, ಆಮೇಲೆ ಅಳು.

ಆ ಸಂಜೆಯೇ ದಹನವಾಯಿತು. ಎರಡು ದಿನ ಕಳೆದ ಮೇಲೆ ಪ್ರಭಂಜನ ನಮ್ಮ ಮನೆಗೆ ಬಂದ. ಬಿಳಿ ಅಂಗಿ, ಇಸ್ತ್ರಿ ಮುರಿಯದ ಪಂಚೆ, ಕೈಯಲ್ಲಿ ಹಾರೆ. “ನಿಮ್ಮದಂತೆ. ಪಾಪ, ತೋಟದ ಕೆಲಸಕ್ಕೆ ತಂದಿದ್ದಳೇನೋ. ವಾಪಸ್ ಕೊಡದೆ ಹೋದರೆ ಅವಳಿಗೆ ಸಮಾಧಾನವಿರುವುದಿಲ್ಲ.” ಜೊತೆಗೊಂದು ಹಾಳೆ ಕೊಟ್ಟ. ಪುರಭವನದಲ್ಲಿ ಸಂತಾಪ ಸಭೆ ಇಟ್ಟಿದ್ದಾರೆ, ಬಾಲ್ಯದ ಗೆಳತಿಯಾಗಿ ನೀವೇ ಮೊದಲು ಮಾತಾಡಬೇಕು, ಏನು ಮಾತಾಡಬೇಕೆಂದು ನಿಮಗೆ ಕಷ್ಟವಾಗಬಾರದು ಎಂದು ನಾನೇ ಬರೆದಿದ್ದೇನೆ ಎಂದ. ದುಂಡಗಿನ ಅಕ್ಷರ. ನಡುವೆ ಒಂದು ಕಡೆ ‘ಇಲ್ಲಿ ಸ್ವಲ್ಪ ನಿಲ್ಲಿಸಿ, ಕಣ್ಣೊರೆಸಿಕೊಳ್ಳಿ’ ಎಂದಿತ್ತು.

ಅವನು ಹೋದ ಮೇಲೆ ನಮ್ಮತ್ತೆ ಹಾರೆಯನ್ನು ಕೈಗೆತ್ತಿಕೊಂಡರು. ಅದು ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಎಣ್ಣೆ ಸವರಿತ್ತು.

“ತೊಳೆದವ್ನೆ!” ಎಂದರು. ಮೊದಲು ಅದು ಬರೀ ಸಿಟ್ಟು. “ನೋಡಿದ್ಯೇನೇ ಸಾವಂತ್ರಿ, ಇಷ್ಟು ಓದಿದೋನು, ತೊಳೆದು ತಂದವ್ನಲ್ಲ! ನಮ್ಮ ನಂಟು ಇವನಿಗೆ ಅಷ್ಟು ಕೊಳೆಯಾಯ್ತಾ? ಹೆಣ ಹೂತ ಗುದ್ದಲಿ ಏನೇ ಇದು...” ಎಂದವರ ಮಾತು ಅಲ್ಲೇ ನಿಂತಿತು.

ಹಾರೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. ಕೈಯನ್ನು ಸೆರಗಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

“ಮೂರು ಗೂಟ ಕಿತ್ತವಳೆ,” ಎಂದೆ ನಾನು. “ಮೂರಾಳು ಮಣ್ಣು ಅಂಟಿರ್ಬೇಕು ಅದಕ್ಕೆ.”

“ಹೆಂಡ್ತಿ ಸತ್ತ ಹೊತ್ತಲ್ಲಿ ಯಾವ ಗಂಡು ಕೂತ್ಕೊಂಡು ಹಾರೆ ಉಜ್ಜುತ್ತಾನೆ?” ಎಂದರು ಅತ್ತೆ. ಅವರ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ. “ಅವತ್ತು ಬೆರಳು... ನಾನು ಪುಣ್ಯವಂತೆ ಅಂದೆ ಕಣೇ ಅವಳ ಮುಂದೆ.”

ನಾನು ಠಾಣೆಗೆ ಹೋದೆ. ಚೆಲುವಯ್ಯ ಊಟಕ್ಕೆ ಹೋಗಿದ್ದ. ಅಲ್ಲಿದ್ದ ಪೇದೆ, “ಅಂಥವ್ರ ಮೇಲೆ ಹಿಂಗೆಲ್ಲ ಅನ್ಬಾರ್ದು ಆಟೋ ಅಕ್ಕ. ಶಾಲೆ ಸಮಿತೀಲೂ ಅವ್ರೇ ಅಲ್ವಾ? ನಿಮ್ಮ ಆಟೋ ಓಡ್ಬೇಕಲ್ಲ,” ಎಂದು ನನ್ನ ಒಳ್ಳೆಯದಕ್ಕೇ ಹೇಳಿದ. ಅದು ನಿಜ. ಆ ಆಟೋದಲ್ಲೇ ತುಂಗಾಳ ಫೀಸು, ಅತ್ತೆಯ ಮಾತ್ರೆ, ನಮ್ಮೆಲ್ಲರ ಅನ್ನ ಓಡುತ್ತದೆ. ಸಭೆಯಲ್ಲಿ ಬಾಯಿ ಬಿಟ್ಟು ಜನ ನಂಬದಿದ್ದರೆ ಮರುದಿನ ಒಂದು ಮಗುವೂ ಹತ್ತುವುದಿಲ್ಲ. ಬಾಯಿ ಬಿಡದಿದ್ದರೆ ಮಂದಾ ಮೆಟ್ಟಿಲಿನಿಂದ ಬಿದ್ದವಳಾಗಿಯೇ ಉಳಿಯುತ್ತಾಳೆ. ದೋಸೆ ಹಾಕುವಾಗಲೂ ಜಡೆ ಹೆಣೆಯುವಾಗಲೂ ಇದೇ ಯೋಚನೆ. ತುಂಗಾಳಿಗೆ ಒಂದು ಜಡೆ ಎಡಕ್ಕೆ, ಇನ್ನೊಂದು ಜಡೆ ಹಿಂದಕ್ಕೆ ಬಂತು.

ಸಭೆಯ ದಿನ ನಮ್ಮತ್ತೆ ಹಾರೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಆಟೋದ ಹಿಂದೆ ಇಟ್ಟು, ತಾವೂ ಹತ್ತಿ ಕೂತರು. “ನಡಿ. ಹಾರೆ ನಮ್ದು. ಅದರ ಬಗ್ಗೆ ಮಾತಾಡೋಕೆ ಯಾರಪ್ಪನ ಅಪ್ಪಣೆ ಬೇಕು?”

ಪುರಭವನ ತುಂಬಿತ್ತು. ಒಳಗೆ ಹೋಗುವಾಗ ಬಾಗಿಲ ಬಳಿಯ ಮಾತು ಕಿವಿಗೆ ಬಿತ್ತು. “ಅಯ್ಯೋ ಪಾಪ,” ಎಂದು ಒಬ್ಬಳು. “ಆದ್ರೂ ಹೆಂಗಸು ರಾತ್ರಿ ಹೊತ್ತು ಮೆಟ್ಟಿಲ ಮೇಲೆ ಏನು ಮಾಡ್ತಿದ್ಲಂತೆ?” “ಸ್ವಲ್ಪ ಗಟ್ಟಿಗಿತ್ತಿ ಅಂತೆ ಕಣೇ,” ಎಂದು ಇನ್ನೊಬ್ಬಳು. “ಅವ್ರು ದೇವ್ರಂಥೋರು, ಸಹಿಸ್ಕೊಂಡಿದ್ರು.” ಆ ಮಾತನ್ನು ನಾನು ಮೈಕಿನ ತನಕ ಹೊತ್ತುಕೊಂಡು ಹೋದೆ.

ವೇದಿಕೆಯ ಮೇಲೆ ಹೂ ಹಾಕಿದ ಫೋಟೋ, ಅದರಲ್ಲಿ ಬರೆದುಕೊಟ್ಟ ನಗು. ಪಕ್ಕದಲ್ಲಿ ಪ್ರಭಂಜನ, ಮಡಚಿದ ಕರವಸ್ತ್ರ. ನಾನು ಅವನ ಹಾಳೆಯನ್ನು ಮೇಜಿನ ಮೇಲಿಟ್ಟು, “ಇದು ಇವರು ಬರೆದುಕೊಟ್ಟ ಭಾಷಣ. ಇದರಲ್ಲಿ ನಾನು ಎಲ್ಲಿ ಅಳಬೇಕು ಅಂತಾನೂ ಇದೆ,” ಎಂದೆ. ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಪಾಯಸದ ಮಾತು ಹೇಳಿದೆ, ಬಾಗಿಲ ಮಾತು ಹೇಳಿದೆ. ಸಭೆ ಗುಜುಗುಜು ಎಂದಿತು. ಮುಂದಿನ ಸಾಲಿನಲ್ಲಿ ಕ್ಲಬ್ಬಿನ ಅಧ್ಯಕ್ಷರು, “ಏನಮ್ಮಾ, ಸತ್ತೋರ ಮನೆ ವಿಷ್ಯ ಬೀದೀಗೆ ತರ್ತಾರಾ? ಇಳೀರಿ ಕೆಳಗೆ,” ಎಂದು ಎದ್ದೇ ನಿಂತರು. ಒಬ್ಬರೂ ನಂಬಿರಲಿಲ್ಲ. ಹಿಂದಿನ ಸಾಲಿನಿಂದ ನಮ್ಮತ್ತೆ ಸೀರೆಯ ಗಂಟನ್ನು ತಂದು ಮೇಜಿನ ಮೇಲೆ ಠಣ್ ಎಂದು ಇಟ್ಟರು. ನಾನು ಬಿಚ್ಚಿದೆ.

“ಇದು ನಮ್ಮ ಹಾರೆ. ಗೂಟ ಕೀಳೋಕೆ ಅಂತ ಮಂದಾ ತಗೊಂಡು ಹೋದಳು. ಮೂರು ಕಿತ್ತಳು. ಮಣ್ಣು ಸಮೇತ ಕೊಡ್ತೀನಿ ಅಂದಿದ್ದಳು. ಇವರು ವಾಪಸ್ ತಂದುಕೊಟ್ಟಿದ್ದು ಹೀಗೆ.”

ದೀಪದ ಬೆಳಕಿಗೆ ಹಾರೆ ಮಿನುಗಿತು. ಮುಂದಿನ ಸಾಲಿನ ಒಬ್ಬ ಮುದುಕಿ, “ತೊಳೆದೈತಾ?” ಎಂದಳು. ಪಕ್ಕದವಳು ಅದನ್ನೇ ಪಕ್ಕದವಳಿಗೆ ಹೇಳಿದಳು. ತೊಳೆದಿದ್ದಾನೆ, ತೊಳೆದಿದ್ದಾನಂತೆ, ತೊಳೆದೇ ಕೊಟ್ಟನಂತೆ ಎಂದು ಆ ಮಾತು ಸಾಲಿನಿಂದ ಸಾಲಿಗೆ ಹೋಗಿ, ಗೋಡೆ ಮುಟ್ಟಿ, ತಿರುಗಿ ಬಂತು. ಮುರಿದ ಬೆರಳಿಗೆ ಅಲುಗಾಡದ ಊರು ತೊಳೆದ ಹಾರೆಗೆ ಎದ್ದು ನಿಂತಿತು. ನಮ್ಮೂರು ಅಂಥದ್ದು, ಏನು ಮಾಡೋಣ.

“ಶುಚಿಯಾಗಿ ಕೊಟ್ಟರೆ ತಪ್ಪೇ?” ಎಂದ ಪ್ರಭಂಜನ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ತೋಟದ ಮಣ್ಣಿತ್ತು, ತೊಳೆದೆ.”

ಚೆಲುವಯ್ಯ ವೇದಿಕೆ ಹತ್ತಿ ಬಂದ. ಅವನನ್ನೂ ಹೆತ್ತದ್ದು ನಮ್ಮೂರೇ ತಾನೆ. “ಗೂಟ ಮನೆಯೇ ಕಿತ್ಕೊಂಡಿದ್ದು ಅಂದ್ರಲ್ಲ ಸಾರ್,” ಎಂದ ಮೆತ್ತಗೆ. “ನಿಮ್ಮನೆ ಸುತ್ತ ಬರೀ ಬಯಲು, ತೋಟ ಎಲ್ಲಿದೆ? ಹಾರೆಗೆ ಮಣ್ಣು ಎಲ್ಲಿಂದ ಬಂತು? ತೊಳೆದಿದ್ದು ಮಣ್ಣನ್ನೋ, ಬೇರೆ ಏನನ್ನೋ?” ಕರವಸ್ತ್ರದ ಮಡಿಕೆ ಮೊದಲ ಸಲ ಬಿಚ್ಚಿಕೊಂಡಿತು. ಮೆಟ್ಟಿಲಿನ ಕಥೆ ಆಮೇಲೆ ಒಂದು ವಾರ ನಿಂತಿತ್ತು. ಹಾರೆಯ ತುದಿಯ ಸೀಳಿನಲ್ಲಿ ಎಣ್ಣೆಗೂ ಬಿಡದೆ ಉಳಿದಿದ್ದ ರಕ್ತವನ್ನು ದೊಡ್ಡ ಊರಿನ ಪರೀಕ್ಷೆಯವರು ಹಿಡಿದ ಮೇಲೆ ಅದೂ ಸರಿಯಿತು. ಮೂರನೇ ಗೂಟ ಕಿತ್ತು ಬಂದ ಹೊತ್ತಿಗೆ ಅವನು ಬಂದಿದ್ದ, ಹಾರೆ ಅವಳ ಕೈಯಿಂದ ಅವನ ಕೈಗೆ ಹೋಗಿತ್ತು. ಅಷ್ಟನ್ನು ಅವನೇ ಹೇಳಿ ರುಜು ಹಾಕಿದ. ಈಗ ಜೈಲಿನಲ್ಲಿದ್ದಾನೆ. ಆ ಕಟ್ಟಡವೂ ಸರಿಯುವುದಿಲ್ಲ, ಅವನಿಗೆ ಹಿಡಿಸಿರಬೇಕು.

ನಾಲ್ಕನೇ ಗೂಟವನ್ನು ನಾನೂ ನಮ್ಮತ್ತೆಯೂ ಕಿತ್ತೆವು, ಬೇರೆ ಹಾರೆಯಲ್ಲಿ. ನಮ್ಮನೆಯವರು ನಿದ್ದೆ ಬಿಟ್ಟು ಬಂದು ಸರಪಳಿ ಎಳೆದರು, ಅದನ್ನು ನೋಡಲು ಮಂದಾ ಇರಬೇಕಿತ್ತು. ಮನೆ ಆತುರಪಡಲಿಲ್ಲ. ದಿನಕ್ಕಿಷ್ಟು ಎಂದು ಬಂದು, ದೀಪಾವಳಿಗೆ ನಮ್ಮ ಗೋಡೆಗೆ ಗೋಡೆ ತಾಗಿಸಿ ನಿಂತಿತು. ಪದ್ಧತಿ ಪದ್ಧತಿಯೇ. ಆ ಮನೆಯ ನಡುಮನೆಯಲ್ಲಿ ಎಲೆ ಹಾಕಿ ಉಂಡೆವು. ಮಂದಾಳ ಹೆಸರಲ್ಲಿ ಹಾಕಿದ ಎಲೆಗೆ ನಮ್ಮತ್ತೆಯೇ ಬಡಿಸಿದರು, ಎರಡೆರಡು ಸಲ ತುಪ್ಪ. ತಿರುಗಿ ಬರುವಾಗ, “ನಿನ್ನ ಗಂಡನೇ ವಾಸಿ ಕಣೇ,” ಎಂದರು. ನಮ್ಮ ಮದುವೆಯಾದಾಗಿನಿಂದ ಅವರ ಬಾಯಿಂದ ಬಂದ ಮೊದಲ ಬಹುಮಾನ ಅದು. ಆಟೋಗೆ ಮಕ್ಕಳು ಹತ್ತುತ್ತಿವೆ, ಎರಡು ಹೆಚ್ಚೇ.

ತುಂಗಾ ಮಲಗಿದ್ದಾಳೆ. ನಾಳೆಗೆ ಇಡ್ಲಿ ಹಿಟ್ಟು ರುಬ್ಬಿಟ್ಟಾಗಿದೆ. ಇನ್ನೊಂದು ಮಾತು ಉಳಿದಿದೆ.

ಅವತ್ತು ಮೈಕಿನ ಮುಂದೆ ನಿಂತಾಗ ಮೊದಲು ಹೇಳಬೇಕಿದ್ದದ್ದು ಲೆಕ್ಕದ ವಿಷಯ. ಬಾಯಿಯ ತನಕ ಬಂದಿತ್ತು. ಹೇಳಿದ್ದರೆ ಅವಳನ್ನು ಜಿಲ್ಲೆಗೆ ಮೊದಲು ತಂದ ಲೆಕ್ಕ ನನ್ನದು ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು, ನನಗೇನು ಬೇಡವಾಗಿರಲಿಲ್ಲ. ಆದರೆ ಬಾಗಿಲ ಬಳಿ ಕೇಳಿದ ಮಾತು ಕಿವಿಯಲ್ಲಿತ್ತು. ನಮ್ಮೂರಿನವರ ಕೈಗೆ ಅವಳದೊಂದು ಚುಕ್ಕೆ ಸಿಕ್ಕಿದ್ದರೆ ಸಾಕಿತ್ತು. ಅವನು ಮಾಡಿದ್ದನ್ನು ಪುರಭವನದಲ್ಲೇ ಬಿಟ್ಟು, ಅದೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಚಿಕ್ಕವಳಿದ್ದಾಗಲೇ ಕಳ್ಳಿಯಂತೆ, ಪಾಪ ಅವನೇನು ಮಾಡ್ತಾನೆ, ಎನ್ನುತ್ತಿದ್ದರು.

ಕೊನೇ ಲೆಕ್ಕದ ವಿಷಯ ಹೇಳಲಿಲ್ಲ. ಕೊಟ್ಟ ಮಾತು ಮುರಿದೆ.